ಡಿಜಿಟಲ್ ಚಿತ್ರಕ್ಕೆ ಪೆನ್ ಟ್ಯಾಬ್ಲೆಟ್ಟಾ, ಸ್ಕ್ರೀನ್ ಇರುವುದಾ, ಐಪ್ಯಾಡಾ?

'ಚಿತ್ರ ಬಿಡಿಸೋಕೆ ಯಾವ ಟ್ಯಾಬ್ ತಗೊಳ್ಳಲಿ?' ಎಂದು ಕೇಳಿದವರಿಗೆ ನಾನು ಎರಡು ಪ್ರಶ್ನೆ ಹಾಕುತ್ತೇನೆ. ಎಲ್ಲಿ ಕೂತು ಬಿಡಿಸುತ್ತೀರಿ? ಬಿಡಿಸಿದ ಚಿತ್ರ ಕೊನೆಗೆ ಎಲ್ಲಿಗೆ ಹೋಗಬೇಕು?

ಮನೆಯ ಮೇಜಿನ ಮುಂದೆಯೇ ಬಿಡಿಸುವವರಿಗೆ ಬೇಕಾಗುವುದು ಒಂದು. ಮೆಟ್ರೋದಲ್ಲಿ, ಕಬ್ಬನ್ ಪಾರ್ಕಿನ ಬೆಂಚಿನ ಮೇಲೆ, ಪಿಜಿ ರೂಮಿನ ಮಂಚದ ಮೇಲೆ ಕೂತು ಬಿಡಿಸುವವರಿಗೆ ಬೇಕಾಗುವುದೇ ಬೇರೆ. ಚಿತ್ರ ಇನ್‌ಸ್ಟಾಗ್ರಾಮಿಗೆ ಹೋಗುವುದಾದರೆ 1080 ಪಿಕ್ಸೆಲ್ ಅಗಲ ಸಾಕು. ಅದೇ ಚಿತ್ರವನ್ನು ಎ3 ಅಳತೆಯಲ್ಲಿ ಪ್ರಿಂಟ್ ಹಾಕಿಸಿ ಜನವರಿಯ ಚಿತ್ರಸಂತೆಯಲ್ಲಿ, ಕುಮಾರಕೃಪಾ ರಸ್ತೆಯಲ್ಲಿ ಇಟ್ಟು ಮಾರಬೇಕೆಂದರೆ ಲೆಕ್ಕವೇ ಬದಲಾಗುತ್ತದೆ. ಮಕ್ಕಳ ಕನ್ನಡ ಪುಸ್ತಕಕ್ಕೆ ಚಿತ್ರ ಮಾಡುವವರಿಗೆ ಇವೆರಡರ ಮೇಲೆ ಇನ್ನೊಂದು ತೊಡಕಿದೆ: ಚಿತ್ರದೊಳಗೆ ಕನ್ನಡ ಅಕ್ಷರ ಸರಿಯಾಗಿ ಕೂರಬೇಕು. ಟ್ಯಾಬ್ಲೆಟ್ ಬಗ್ಗೆ ಸಲಹೆ ಕೊಡುವ ಬಹಳಷ್ಟು ಜನ ಈ ಮಾತನ್ನು ಎತ್ತುವುದೇ ಇಲ್ಲ. ಅದಕ್ಕೇ ಇಲ್ಲಿ ಅದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಟ್ಟಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಕೆಲಸ ಮಾಡುವ ಲ್ಯಾಪ್‌ಟಾಪೋ ಕಂಪ್ಯೂಟರೋ ಇದ್ದರೆ, ಮೊದಲು ಸ್ಕ್ರೀನ್ ಇಲ್ಲದ ಸಣ್ಣ ಪೆನ್ ಟ್ಯಾಬ್ಲೆಟ್ ತಗೊಳ್ಳಿ. ಉಳಿದ ದುಡ್ಡನ್ನು ಹಾಗೇ ಇಟ್ಟುಕೊಳ್ಳಿ. ಆರು ತಿಂಗಳು ಬಿಡಿಸಿದ ಮೇಲೆ ನಿಮಗೆ ಏನು ಸಾಲುತ್ತಿಲ್ಲ ಎಂಬುದು ನಿಮ್ಮ ಕೈಗೇ ಗೊತ್ತಾಗುತ್ತದೆ. ಆಗ ದೊಡ್ಡದನ್ನು ಕೊಂಡರೆ ದುಡ್ಡು ಸರಿಯಾದ ಜಾಗಕ್ಕೆ ಹೋಗುತ್ತದೆ.

ಸ್ಕ್ರೀನ್ ಇಲ್ಲದ ಪೆನ್ ಟ್ಯಾಬ್ಲೆಟ್

ಇದೊಂದು ತೆಳುವಾದ ಕಪ್ಪು ಹಲಗೆ. ಯುಎಸ್‌ಬಿ ವೈರಿನಲ್ಲಿ ಕಂಪ್ಯೂಟರಿಗೆ ಸೇರಿಸಬೇಕು. ಪೆನ್ ಹಲಗೆಯ ಮೇಲೆ ಓಡುತ್ತದೆ, ಗೆರೆ ಮಾನಿಟರ್ ಮೇಲೆ ಬೀಳುತ್ತದೆ. ವಾಕಾಮ್ ಕಂಪನಿಯ 'ಒನ್ ಬೈ ವಾಕಾಮ್', ಹುಯಿಯಾನ್ ಕಂಪನಿಯ 'ಇನ್‌ಸ್ಪಿರಾಯ್', ಎಕ್ಸ್‌ಪಿ-ಪೆನ್ ಕಂಪನಿಯ 'ಡೆಕೊ' ಇವೆಲ್ಲ ಈ ಜಾತಿಯವು. ಸಣ್ಣ ಅಳತೆಯದು ನಾಲ್ಕೈದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಇವುಗಳ ಪೆನ್ನಿಗೆ ಬ್ಯಾಟರಿ ಬೇಡ, ಚಾರ್ಜ್ ಮಾಡುವ ತಲೆನೋವೂ ಇಲ್ಲ. ಹಲಗೆಯೇ ಕಾಂತಕ್ಷೇತ್ರದ ಮೂಲಕ ಪೆನ್ನಿಗೆ ಬೇಕಾದ ಶಕ್ತಿ ಕೊಡುತ್ತದೆ.

ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಇದೇ ಎಲ್ಲರಿಗೂ ಇರುವ ಹೆದರಿಕೆ. ಸೈಕಲ್ ಕಲಿತವರು ಪೆಡಲ್ ನೋಡುವುದನ್ನು ಬಿಟ್ಟ ಹಾಗೆ, ದಿನಾ ಸ್ವಲ್ಪ ಹೊತ್ತು ಬಿಡಿಸಿದರೆ ಕೆಲವು ವಾರಗಳಲ್ಲಿ ಇದು ಮರೆತೇ ಹೋಗುತ್ತದೆ. ಇದರಲ್ಲಿ ಒಂದು ಲಾಭವೂ ಇದೆ. ಬೆನ್ನು ನೆಟ್ಟಗೆ ಇರುತ್ತದೆ, ಕಣ್ಣ ಮಟ್ಟದಲ್ಲಿ ಮಾನಿಟರ್ ಇರುತ್ತದೆ, ಕತ್ತು ಬಗ್ಗುವುದಿಲ್ಲ. ಹಗಲೆಲ್ಲ ಆಫೀಸಿನಲ್ಲಿ ಕೂತು, ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ನಿಂತು ಬಂದು, ರಾತ್ರಿ ಚಿತ್ರ ಬಿಡಿಸುವವರಿಗೆ ಇದು ಸಣ್ಣ ಮಾತಲ್ಲ.

ಅಳತೆಯ ವಿಷಯ ಸ್ವಲ್ಪ ಗಮನವಿಟ್ಟು ನೋಡಿ. ಒನ್ ಬೈ ವಾಕಾಮ್ ಸಣ್ಣದರಲ್ಲಿ ಪೆನ್ ಕೆಲಸ ಮಾಡುವ ಜಾಗ 15.2 ಸೆಂ.ಮೀ. ಅಗಲ, 9.5 ಸೆಂ.ಮೀ. ಎತ್ತರ. ಮಧ್ಯಮದ್ದು 21.6 ಮತ್ತು 13.5. ಲ್ಯಾಪ್‌ಟಾಪ್ ಸ್ಕ್ರೀನ್ ಆದರೆ ಸಣ್ಣದು ಸಾಕು. 24 ಇಂಚಿನ ಮಾನಿಟರ್ ಇಟ್ಟುಕೊಂಡು ಉದ್ದುದ್ದ ಗೆರೆ ಎಳೆಯುವವರು, ಮೊಣಕೈಯಿಂದ ಬಿಡಿಸುವ ಅಭ್ಯಾಸ ಇರುವವರು ಮಧ್ಯಮದ್ದನ್ನೇ ತಗೊಳ್ಳಿ. ಮಣಿಕಟ್ಟಿನಿಂದಲೇ ಸಣ್ಣ ಸಣ್ಣ ಗೆರೆ ಎಳೆಯುವವರಿಗೆ ಮಧ್ಯಮದ್ದು ಸುಮ್ನೆ ಮೇಜು ತುಂಬುತ್ತದೆ.

ಈಗ ಕನ್ನಡದವರು ಮರೆಯಬಾರದ ಒಂದು ಮಾತು. ಈ ಹಲಗೆಯ ಅಗಲ-ಎತ್ತರದ ಅನುಪಾತ 16:10. ಮಾನಿಟರ್ ಹೆಚ್ಚಾಗಿ 16:9. ಹೊಂದಿಸದೆ ಹಾಗೇ ಬಿಟ್ಟರೆ ನೀವು ಬಿಡಿಸಿದ ದುಂಡು ಗೆರೆ ಅಡ್ಡಕ್ಕೆ ಶೇಕಡ 11ರಷ್ಟು ಹಿಗ್ಗುತ್ತದೆ. ಇಂಗ್ಲಿಷಿನ ನೆಟ್ಟಗಿನ ಅಕ್ಷರ ಬರೆಯುವವರಿಗೆ ಇದು ಅಷ್ಟು ಕಾಣುವುದಿಲ್ಲ. ನಮ್ಮ ಠ, ರ, ಅನುಸ್ವಾರ ಎಲ್ಲ ಚಪ್ಪಟೆಯಾಗಿ ಬೀಳುತ್ತವೆ. ಮುಖ ಬಿಡಿಸಿದರೂ ಕೆನ್ನೆ ಊದಿದ ಹಾಗೆ ಕಾಣುತ್ತದೆ. ಡ್ರೈವರ್ ಸಾಫ್ಟ್‌ವೇರಿನಲ್ಲಿ ಅನುಪಾತ ಹೊಂದಿಸುವ ಆಯ್ಕೆ ಇರುತ್ತದೆ, ವಾಕಾಮ್‌ನಲ್ಲಿ ಅದನ್ನು 'ಫೋರ್ಸ್ ಪ್ರಪೋರ್ಷನ್ಸ್' ಎನ್ನುತ್ತಾರೆ. ಟ್ಯಾಬ್ಲೆಟ್ ಸೇರಿಸಿದ ದಿನವೇ ಅದನ್ನು ಹಾಕಿಬಿಡಿ. ಎರಡು ಮಾನಿಟರ್ ಇದ್ದರೆ ಟ್ಯಾಬ್ಲೆಟ್ಟನ್ನು ಒಂದಕ್ಕೆ ಮಾತ್ರ ಕಟ್ಟಿ.

ಪ್ರೆಶರ್ ಲೆವೆಲ್, ಅಂದರೆ ಪೆನ್ ಒತ್ತಡದ ಎಷ್ಟು ಮಟ್ಟಗಳನ್ನು ಗುರುತಿಸುತ್ತದೆ ಎಂಬ ಅಂಕಿಗೆ ಮರುಳಾಗಬೇಡಿ. 2048, 4096, 8192, 16384 ಎಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. 2048 ಆದಮೇಲೆ ಕೈಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಪೆನ್ ಎಷ್ಟು ಹಗುರವಾಗಿ ಮುಟ್ಟಿದರೆ ಗೆರೆ ಶುರುವಾಗುತ್ತದೆ ಎನ್ನುವುದೇ ಮುಖ್ಯ. ಗಟ್ಟಿಯಾಗಿ ಒತ್ತಿದಾಗಲೇ ಗೆರೆ ಹುಟ್ಟುವ ಪೆನ್ನಿನಲ್ಲಿ ಕೂದಲು, ರೆಪ್ಪೆ, ಸೀರೆಯ ನೆರಿಗೆ ಬಿಡಿಸುವಷ್ಟರಲ್ಲಿ ಬೆರಳು ನೋಯುತ್ತದೆ.

ಕಂಪ್ಯೂಟರೇ ಇಲ್ಲದ ವಿದ್ಯಾರ್ಥಿಗಳಿಗೆ ಇಲ್ಲೊಂದು ದಾರಿ ಇದೆ. ಈ ಕಂಪನಿಗಳ ಹಲವು ಹಲಗೆಗಳು ಓಟಿಜಿ ಕನೆಕ್ಟರ್ (ಫೋನಿಗೆ ಯುಎಸ್‌ಬಿ ವಸ್ತು ಸೇರಿಸುವ ಪುಟ್ಟ ಜೋಡಣೆ) ಹಾಕಿದರೆ ಆಂಡ್ರಾಯ್ಡ್ ಫೋನಿಗೂ ಸೇರುತ್ತವೆ. ಪೆಟ್ಟಿಗೆಯ ಮೇಲೆ ಆಂಡ್ರಾಯ್ಡ್ ಎಂದು ಬರೆದಿದೆಯೇ ನೋಡಿ ತಗೊಳ್ಳಿ. ಫೋನನ್ನು ಉದ್ದಕ್ಕೆ ಹಿಡಿದರೆ ಹಲಗೆಯ ಸ್ವಲ್ಪ ಭಾಗ ಮಾತ್ರ ಕೆಲಸ ಮಾಡುತ್ತದೆ. ಆದರೂ ಐಬಿಸ್ ಪೇಂಟ್‌ನಂಥ ಆ್ಯಪ್ ಹಾಕಿಕೊಂಡು ಕಲಿಯಲು ಧಾರಾಳವಾಗಿ ಸಾಕು.

ಸ್ಕ್ರೀನ್ ಇರುವ ಪೆನ್ ಡಿಸ್‌ಪ್ಲೇ

ವಾಕಾಮ್ ಸಿಂಟಿಕ್, ಹುಯಿಯಾನ್ ಕಮ್ವಾಸ್, ಎಕ್ಸ್‌ಪಿ-ಪೆನ್ ಆರ್ಟಿಸ್ಟ್ ಇವುಗಳಲ್ಲಿ ಗೆರೆ ಪೆನ್ನಿನ ತುದಿಯಲ್ಲೇ ಬೀಳುತ್ತದೆ. ಕಾಗದದ ಅಭ್ಯಾಸ ಇರುವವರಿಗೆ ಮೊದಲ ದಿನವೇ ಹಾಯೆನಿಸುತ್ತದೆ. ಕಾಮಿಕ್ಸ್ ಪುಟಗಳಿಗೆ ಮಸಿಗೆರೆ ಎಳೆಯುವ ಕೆಲಸ ದಿನವಿಡೀ ಇದ್ದರೆ ಇದು ದುಡ್ಡಿಗೆ ತಕ್ಕದ್ದು. ಬಣ್ಣ ತುಂಬುವುದೇ ಹೆಚ್ಚಾದರೆ ಅಷ್ಟು ಲಾಭ ಕಾಣುವುದಿಲ್ಲ.

ಇದು ತಾನಾಗಿ ಕೆಲಸ ಮಾಡುವುದಿಲ್ಲ ಎಂಬುದನ್ನು ಎಷ್ಟೋ ಜನ ಮನೆಗೆ ತಂದ ಮೇಲೆ ತಿಳಿಯುತ್ತಾರೆ. ಇದು ಪೆನ್ ಓಡುವ ಮಾನಿಟರ್ ಅಷ್ಟೇ, ಹಿಂದೆ ಕಂಪ್ಯೂಟರ್ ಇರಲೇಬೇಕು. ಒಂದೇ ಯುಎಸ್‌ಬಿ-ಸಿ ಕೇಬಲ್ ಸಾಕು ಎಂದು ಜಾಹೀರಾತು ಹೇಳುತ್ತದೆ. ಅದು ನಿಜವಾಗಬೇಕಾದರೆ ನಿಮ್ಮ ಲ್ಯಾಪ್‌ಟಾಪಿನ ಯುಎಸ್‌ಬಿ-ಸಿ ಪೋರ್ಟು ವಿಡಿಯೋವನ್ನೂ ಕಳಿಸಬೇಕು. ಕಡಿಮೆ ಬೆಲೆಯ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟು ಡೇಟಾಕ್ಕೆ ಮಾತ್ರ. ಆಗ ಎಚ್‌ಡಿಎಂಐ ಒಂದು, ಯುಎಸ್‌ಬಿ ಒಂದು, ಕರೆಂಟಿಗೆ ಒಂದು ಎಂದು ಮೂರು ತಲೆಯ ಕೇಬಲ್ ಮೇಜಿನ ಮೇಲೆ ಹರಡುತ್ತದೆ. ಕೊಳ್ಳುವ ಮುಂಚೆ ಲ್ಯಾಪ್‌ಟಾಪ್ ಮಾಡೆಲ್ ನಂಬರ್ ಹುಡುಕಿ, 'ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್' ಇದೆಯೇ ಖಚಿತ ಮಾಡಿಕೊಳ್ಳಿ.

ಸ್ಟ್ಯಾಂಡ್ ಇಲ್ಲದೆ ಇದನ್ನು ಬಳಸಬೇಡಿ. ಮೇಜಿನ ಮೇಲೆ ಮಲಗಿಸಿ ಬಿಡಿಸಿದರೆ ಕತ್ತು ನೋವು ಗ್ಯಾರಂಟಿ.

ಐಪ್ಯಾಡ್, ಸ್ಯಾಮ್‌ಸಂಗ್

ಹೊರಗೆ ಕೂತು ಬಿಡಿಸುವವರಿಗೆ ಇವೇ ಸರಿ. ಕಂಪ್ಯೂಟರ್ ಬೇಡ, ವೈರ್ ಬೇಡ, ಕರೆಂಟ್ ಹೋದರೂ ಚಿತ್ರ ನಿಲ್ಲುವುದಿಲ್ಲ.

ಐಪ್ಯಾಡ್ ಪರವಾಗಿ ಇರುವ ದೊಡ್ಡ ಕಾರಣ ಪ್ರೊಕ್ರಿಯೇಟ್. ಟಾಸ್ಮೇನಿಯಾದ ಒಂದು ಕಂಪನಿ 2011ರಲ್ಲಿ ತಂದ ಆ್ಯಪ್ ಇದು. ಒಂದು ಸಲ ದುಡ್ಡು ಕೊಟ್ಟರೆ ಆಯಿತು, ತಿಂಗಳ ಬಾಡಿಗೆ ಇಲ್ಲ. ಆಂಡ್ರಾಯ್ಡಿನಲ್ಲಿ, ವಿಂಡೋಸಿನಲ್ಲಿ ಇದು ಸಿಗುವುದೇ ಇಲ್ಲ.

ಆದರೆ ಐಪ್ಯಾಡ್ ಕೊಳ್ಳುವಾಗ ಪೆನ್ಸಿಲ್ ವಿಷಯದಲ್ಲಿ ದಯವಿಟ್ಟು ಎಚ್ಚರ. ಆಪಲ್ 2023ರಲ್ಲಿ ತಂದ ಯುಎಸ್‌ಬಿ-ಸಿ ಪೆನ್ಸಿಲ್ ಎಲ್ಲಕ್ಕಿಂತ ಅಗ್ಗ. ಅದಕ್ಕೆ ಒತ್ತಡ ತಿಳಿಯುವುದಿಲ್ಲ! ಜೋರಾಗಿ ಒತ್ತಿದರೂ ಹಗುರವಾಗಿ ಮುಟ್ಟಿದರೂ ಗೆರೆ ಒಂದೇ ದಪ್ಪ. ನೋಟ್ಸ್ ಬರೆಯಲು ಅದು ಚೆನ್ನಾಗಿದೆ. ಚಿತ್ರಕ್ಕೆ ಅದನ್ನು ಕೊಳ್ಳಬೇಡಿ. ಮಗಳಿಗೆ, ಮಗನಿಗೆ ಉಡುಗೊರೆ ಕೊಡಲು ಹೋದ ಅಪ್ಪ ಅಮ್ಮಂದಿರು ಎಲ್ಲಕ್ಕಿಂತ ಹೆಚ್ಚು ಮೋಸ ಹೋಗುವುದು ಇಲ್ಲೇ. ಅಂಗಡಿಯವರು 'ಇದು ಹೊಸದು, ಇದು ಅದಕ್ಕೆ ಹೊಂದುತ್ತೆ' ಎಂದು ಹೇಳುತ್ತಾರೆ. ಹೊಂದುವುದೇನೋ ನಿಜ.

ಸಾದಾ ಐಪ್ಯಾಡಿಗೆ, ಅಂದರೆ ಹತ್ತನೇ ತಲೆಮಾರಿನದಕ್ಕೆ ಮತ್ತು 2025ರಲ್ಲಿ ಬಂದ ಎ16 ಚಿಪ್ಪಿನದಕ್ಕೆ, ಒತ್ತಡ ತಿಳಿಯುವ ಆಪಲ್ ಪೆನ್ಸಿಲ್ ಒಂದೇ: 2015ರ ಮೊದಲ ತಲೆಮಾರಿನದು. ಅದನ್ನು ಸೇರಿಸಲು, ಚಾರ್ಜ್ ಮಾಡಲು ಪುಟ್ಟ ಅಡಾಪ್ಟರ್ ಬೇಕು, ಪೆನ್ಸಿಲ್ ಜೊತೆ ಅದು ಬಂದಿದೆಯೇ ನೋಡಿಕೊಳ್ಳಿ. ಈ ಸಾದಾ ಐಪ್ಯಾಡಿನಲ್ಲಿ ಗಾಜಿಗೂ ಸ್ಕ್ರೀನಿಗೂ ನಡುವೆ ಸಣ್ಣ ಸಂದು ಇರುವುದರಿಂದ ಪೆನ್ಸಿಲ್ ತುದಿಗೂ ಗೆರೆಗೂ ಕೂದಲೆಳೆ ಅಂತರ ಕಾಣುತ್ತದೆ. ಐಪ್ಯಾಡ್ ಏರ್‌ನಲ್ಲಿ ಗಾಜು ಸ್ಕ್ರೀನಿಗೆ ಅಂಟಿಕೊಂಡೇ ಇರುತ್ತದೆ. ಎಂ2 ಚಿಪ್ಪಿನಿಂದ ಈಚೆಗಿನ ಏರ್‌ಗೆ 2024ರ ಪೆನ್ಸಿಲ್ ಪ್ರೊ ಹಾಕಬಹುದು. ಕೆಲಸಕ್ಕೆಂದು ಕೊಳ್ಳುವುದಾದರೆ ನಾನು ಏರ್ ತಗೊಳ್ಳಿ ಎನ್ನುತ್ತೇನೆ. ಪ್ರೊ ಮಾದರಿಯ ಬೆಲೆಗೆ ಚಿತ್ರದಲ್ಲಿ ಸಿಗುವ ಲಾಭ ಅಷ್ಟಿಲ್ಲ. ಹೆಬ್ಬಾಳದ ಹತ್ತಿರ ಮಾಲ್ ಆಫ್ ಏಷ್ಯಾದಲ್ಲಿ 2025ರ ಸೆಪ್ಟೆಂಬರಿನಲ್ಲಿ ಆಪಲ್ ತನ್ನದೇ ಅಂಗಡಿ ತೆರೆದಿದೆ. ಮೂರೂ ಮಾದರಿಗಳ ಮೇಲೆ ಅಲ್ಲಿ ಗೆರೆ ಎಳೆದು ನೋಡಿ. ಕಾಲೇಜು ವಿದ್ಯಾರ್ಥಿಗಳಿಗೆ ಬೆಲೆಯಲ್ಲಿ ರಿಯಾಯಿತಿಯೂ ಇರುತ್ತದೆ, ಕೇಳಲು ಸಂಕೋಚ ಬೇಡ.

ಸ್ಯಾಮ್‌ಸಂಗ್‌ನ ಟ್ಯಾಬ್ ಎಸ್ ಸಾಲಿನಲ್ಲಿ ಎಸ್ ಪೆನ್ ಪೆಟ್ಟಿಗೆಯಲ್ಲೇ ಬರುತ್ತದೆ. ಒಟ್ಟು ಖರ್ಚು ಹೋಲಿಸುವಾಗ ಇದನ್ನು ಮರೆಯಬೇಡಿ, ಆಪಲ್‌ನಲ್ಲಿ ಪೆನ್ಸಿಲ್ ಬೆಲೆ ಬೇರೆ. ಎಸ್ ಪೆನ್ ಕೂಡ ವಾಕಾಮ್ ತಂತ್ರಜ್ಞಾನದ್ದೇ. ಬಿಡಿಸಲು ಅದಕ್ಕೆ ಚಾರ್ಜ್ ಬೇಡ, ಒತ್ತಡವೂ ಓರೆಯೂ ಅದಕ್ಕೆ ತಿಳಿಯುತ್ತದೆ. ಟ್ಯಾಬ್ ಎಸ್6 ಲೈಟ್ ಕಡಿಮೆ ಬಜೆಟ್ಟಿನವರಿಗೆ ಒಳ್ಳೆಯ ಆಯ್ಕೆ. ತುಂಬಾ ಲೇಯರ್ (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಂಥ ಪದರ) ಹಾಕಿದರೆ ಅದು ನಿಧಾನವಾಗುತ್ತದೆ, ಸ್ಕೆಚ್ಚಿಗೆ ಏನೂ ತೊಂದರೆ ಇಲ್ಲ. ಕ್ಲಿಪ್ ಸ್ಟುಡಿಯೋ ಪೇಂಟ್, ಇನ್ಫೈನೈಟ್ ಪೇಂಟರ್ ಎರಡೂ ಆಂಡ್ರಾಯ್ಡಿನಲ್ಲಿ ಇವೆ. ಕ್ಲಿಪ್ ಸ್ಟುಡಿಯೋ ಟ್ಯಾಬ್ಲೆಟ್ಟಿನಲ್ಲಿ ಚಂದಾ ಕೇಳುತ್ತದೆ, ವಿಂಡೋಸ್ ಮತ್ತು ಮ್ಯಾಕ್‌ಗೆ ಒಂದೇ ಸಲ ಕೊಳ್ಳುವ ದಾರಿ ಇದೆ.

ತನಗೆಂದೇ ಮಾಡಿದ ಪೆನ್ ಇಲ್ಲದ, ಬರೀ ರಬ್ಬರ್ ತುದಿಯ ಸ್ಟೈಲಸ್ ಬಳಸುವ ಅಗ್ಗದ ಟ್ಯಾಬ್‌ಗಳನ್ನು ನೋಡಲೇಬೇಡಿ. ಅವು ಬೆರಳಿನ ಬದಲಿಗೆ ಅಷ್ಟೇ.

ಚಿತ್ರದೊಳಗಿನ ಕನ್ನಡ

ಕಾಮಿಕ್ಸ್, ಪೋಸ್ಟರ್, ಶುಭಾಶಯ ಪತ್ರ, ಪುಸ್ತಕದ ಮುಖಪುಟ. ಇವುಗಳಲ್ಲಿ ಅಕ್ಷರ ಚಿತ್ರದಷ್ಟೇ ಮುಖ್ಯ. ಕನ್ನಡದ ಒತ್ತಕ್ಷರ, ಗುಣಿತ ಸರಿಯಾಗಿ ಕೂಡಿಕೊಳ್ಳಬೇಕಾದರೆ ಸಾಫ್ಟ್‌ವೇರಿನ ಒಳಗೆ ಅದಕ್ಕೆ ಬೇಕಾದ ವ್ಯವಸ್ಥೆ ಇರಬೇಕು. ಇಲ್ಲದಿದ್ದರೆ 'ರಾಷ್ಟ್ರ' ಎಂದು ಹಾಕಿದರೆ ಷಕಾರ ಒಂದು ಕಡೆ, ಟಕಾರ ಒಂದು ಕಡೆ ಚೆಲ್ಲಾಪಿಲ್ಲಿಯಾಗಿ ನಿಲ್ಲುತ್ತದೆ. ಹೀಗೆ ಒಡೆದ ಅಕ್ಷರದ ಪೋಸ್ಟರ್‌ಗಳನ್ನು ಊರ ತುಂಬಾ ನೋಡುತ್ತೇವೆ, ಅಲ್ವಾ? ಬಿಡಿಸಿದವರ ಶ್ರಮವೆಲ್ಲ ಅಲ್ಲೇ ಹಾಳಾಗುತ್ತದೆ.

ಹಳೆಯ ಫೋಟೋಶಾಪ್ ಆವೃತ್ತಿಗಳಲ್ಲಿ ಟೈಪ್ ಸೆಟ್ಟಿಂಗಿಗೆ ಹೋಗಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆಯನ್ನು ಹಾಕಲೇಬೇಕು. ಹಾಕಿದರೆ ಕನ್ನಡ ಸರಿಯಾಗಿ ಬರುತ್ತದೆ. ಐಪ್ಯಾಡಿನಲ್ಲಿ ಕನ್ನಡ ಕೀಬೋರ್ಡ್ ಇದೆ, ಪ್ರೊಕ್ರಿಯೇಟ್‌ನಲ್ಲಿ ಹೊರಗಿನ ಫಾಂಟ್ ತಂದು ಹಾಕಿಕೊಳ್ಳಬಹುದು. ಉಚಿತವಾಗಿ ಸಿಗುವುದರಲ್ಲಿ ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಇಂಕ್‌ಸ್ಕೇಪ್ ಮೇಲೆ. ಚಿತ್ರವನ್ನು ಬೇರೆ ಕಡೆ ಮುಗಿಸಿ, ಅಕ್ಷರವನ್ನು ಇಂಕ್‌ಸ್ಕೇಪ್‌ನಲ್ಲಿ ಕೂರಿಸಿದರೆ ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ಇಂಕ್‌ಸ್ಕೇಪ್ ಕಂಪ್ಯೂಟರಿನಲ್ಲಿ ಓಡುವಂಥದ್ದು. ಅದಕ್ಕೇ ಕನ್ನಡ ಅಕ್ಷರದ ಕೆಲಸ ಜಾಸ್ತಿ ಇರುವವರು ಬರೀ ಟ್ಯಾಬ್ಲೆಟ್ ನಂಬಿ ಕೂರಬಾರದು, ಹಳೆಯದಾದರೂ ಒಂದು ಕಂಪ್ಯೂಟರ್ ಇರಲಿ.

ಫಾಂಟುಗಳಿಗೆ ಬರವಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ಬಾಲೂ ತಮ್ಮ, ಅಕಾಯ ಕನಡಕ, ಬೆಣ್ಣೆ, ಹುಬ್ಬಳ್ಳಿ, ತಿರೋ ಕನ್ನಡ, ಅನೇಕ್ ಕನ್ನಡ, ನೋಟೋ ಎಲ್ಲ ಉಚಿತ. ದುಂಡಗಿನ ಬಾಲೂ ತಮ್ಮ ಮಕ್ಕಳ ಪುಸ್ತಕಕ್ಕೆ ಒಪ್ಪುತ್ತದೆ, ಕಾಮಿಕ್ಸ್ ಮಾತಿನ ಗುಳ್ಳೆಗೂ ಚೆನ್ನ.

ಪ್ರಕಾಶಕರ ಕಡೆಯಿಂದ ಕಥೆಯು 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರುವುದು ಇನ್ನೂ ನಡೆದೇ ಇದೆ. ಅದನ್ನು ಟ್ಯಾಬ್ಲೆಟ್ಟಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಗುರುತುಗಳ ರಾಶಿ ಕಾಣುತ್ತದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಇಟ್ಟಿರುವುದೇ ಇದಕ್ಕೆ ಕಾರಣ. ವಿಂಡೋಸ್‌ನಲ್ಲಿ ನುಡಿ ಫಾಂಟ್ ಹಾಕಿಕೊಂಡರೆ ಓದಬಹುದು. ಟ್ಯಾಬ್ಲೆಟ್ಟಿಗೆ ತರುವ ಮುಂಚೆ ಯೂನಿಕೋಡಿಗೆ ಬದಲಾಯಿಸಿಕೊಳ್ಳಿ. ಬದಲಾಯಿಸಿದ ಮೇಲೆ ಅರ್ಕಾವತ್ತನ್ನೂ ಒತ್ತಕ್ಷರಗಳನ್ನೂ ಕಣ್ಣಾರೆ ಓದಿ ನೋಡಿ, ಅಲ್ಲೇ ತಪ್ಪು ನುಸುಳುವುದು.

ಅಕ್ಷರವನ್ನು ಕೈಯಲ್ಲೇ ಬರೆಯುವವರಿಗೆ ಸ್ಕ್ರೀನ್ ಮೇಲೆ ಬರೆಯುವುದು ಸುಲಭ. ನಮ್ಮ ಅಕ್ಷರದ ತಿರುವುಗಳನ್ನು ಸಣ್ಣ ಕಪ್ಪು ಹಲಗೆಯ ಮೇಲೆ ನೋಡದೆ ಬರೆಯುವುದು ಚಿತ್ರ ಬಿಡಿಸುವುದಕ್ಕಿಂತ ಕಷ್ಟ. ನಾನು ಐಪ್ಯಾಡಿಗೂ ಪೆನ್ ಡಿಸ್‌ಪ್ಲೇಗೂ ದುಡ್ಡು ಹಾಕಿ ಎಂದು ಮನಸಾರೆ ಹೇಳುವುದು ಈ ಒಂದು ಕೆಲಸಕ್ಕೆ.

ಕಂಪ್ಯೂಟರ್ ಎಷ್ಟು ಜೋರಿರಬೇಕು?

ಒಂದು ಸಣ್ಣ ಲೆಕ್ಕ. ಎ4 ಹಾಳೆ 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, 2480 ಅಡ್ಡ, 3508 ಉದ್ದ ಪಿಕ್ಸೆಲ್. ಪೂರ್ತಿ ತುಂಬಿದ ಒಂದು ಲೇಯರಿಗೆ ಸುಮಾರು 35 ಎಂಬಿ ಮೆಮರಿ ಬೇಕು. ಎ3 ಆದರೆ ಅದರ ಎರಡರಷ್ಟು. ಎ3ಯಲ್ಲಿ 40 ಲೇಯರ್ ಹಾಕಿದರೆ 2.8 ಜಿಬಿ ಹತ್ತಿರ ಬಂತು. ಹಿಂದಕ್ಕೆ ಹೋಗಲು ನೆನಪಿಟ್ಟುಕೊಳ್ಳುವ ಹೆಜ್ಜೆಗಳು, ವಿಂಡೋಸ್, ಬ್ರೌಸರಿನಲ್ಲಿ ತೆರೆದಿಟ್ಟ ಫೋಟೋಗಳು ಇದರ ಮೇಲೆ. ಹಾಗಾಗಿ 8 ಜಿಬಿ ರ‍್ಯಾಮ್ ಇನ್‌ಸ್ಟಾಗ್ರಾಮ್ ಚಿತ್ರಕ್ಕೆ ಸಾಕು, ಪ್ರಿಂಟ್ ಕೆಲಸಕ್ಕೆ 16 ಜಿಬಿ ಬೇಕು. ಎಸ್‌ಎಸ್‌ಡಿ 512 ಜಿಬಿ ಇರಲಿ. ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿಯುವುದು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್ ಬಳಸುವವರಿಗೆ ಮಾತ್ರ ಅರ್ಥಪೂರ್ಣ. ಬರೀ ಚಿತ್ರಕ್ಕೆ ಗೇಮಿಂಗ್ ಲ್ಯಾಪ್‌ಟಾಪ್ ಬೇಕಿಲ್ಲ.

ಆ ದುಡ್ಡನ್ನು ಸ್ಕ್ರೀನಿಗೆ ಹಾಕಿ. ಅಗ್ಗದ ಲ್ಯಾಪ್‌ಟಾಪುಗಳ ವಿವರದಲ್ಲಿ '45% ಎನ್‌ಟಿಎಸ್‌ಸಿ' ಎಂದಿದ್ದರೆ ಬಿಟ್ಟುಬಿಡಿ, ಸ್ಕ್ರೀನ್ ತೋರಿಸಬಲ್ಲ ಬಣ್ಣಗಳು ಕಡಿಮೆ ಎಂದು ಅದರ ಅರ್ಥ. ಅದರಲ್ಲಿ ಕುಂಕುಮದ ಕೆಂಪು, ಗುಲ್‌ಮೊಹರದ ಕಿತ್ತಳೆ ಎರಡೂ ಬಡವಾಗಿ ಕಾಣುತ್ತವೆ. ಸಾಲದೆಂದು ನೀವು ಬಣ್ಣ ಏರಿಸುತ್ತೀರಿ, ಬೇರೆಯವರ ಫೋನಿನಲ್ಲಿ ಅದು ಕಣ್ಣು ಕುಕ್ಕುತ್ತದೆ. '100% ಎಸ್‌ಆರ್‌ಜಿಬಿ' ಎಂದು ಇರುವುದನ್ನು ಹುಡುಕಿ. ಪ್ರೆಸ್ಸಿಗೆ ಹೋಗುವ ಪುಸ್ತಕವಾದರೆ ಸಿಎಮ್‌ವೈಕೆ ಬಣ್ಣದಲ್ಲಿ, ಅಂದರೆ ಪ್ರೆಸ್ಸಿನ ನಾಲ್ಕು ಶಾಯಿಗಳ ಲೆಕ್ಕದಲ್ಲಿ, ಒಮ್ಮೆ ನೋಡಿಕೊಳ್ಳಬೇಕು. ಕೃತಾ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಅದನ್ನು ಉಚಿತವಾಗಿ ಕೊಡುತ್ತದೆ, ಪ್ರೊಕ್ರಿಯೇಟ್‌ನಲ್ಲೂ ಇದೆ. ಶುರು ಮಾಡುವವರಿಗೆ ಕೃತಾ ಒಂದೇ ಸಾಕು, ತಿಂಗಳ ಚಂದಾದ ಸಾಫ್ಟ್‌ವೇರಿಗೆ ಆತುರ ಬೇಡ.

ಡೆಸ್ಕ್‌ಟಾಪ್ ಇಟ್ಟರೆ ಯುಪಿಎಸ್ ಕಡ್ಡಾಯ. ಮಳೆಗಾಲದ ಸಂಜೆ ಕರೆಂಟ್ ಹೋಗುವುದು ಬೆಂಗಳೂರಿನಲ್ಲಿ ಯಾರಿಗೂ ಹೊಸದಲ್ಲ. ಫೈಲ್ ಉಳಿಸಿ ಬಂದ್ ಮಾಡಲು ಕೆಲವು ನಿಮಿಷ ಸಿಕ್ಕರೆ ಸಾಕು, ಸಣ್ಣ ಯುಪಿಎಸ್ ಅಷ್ಟು ಕೊಡುತ್ತದೆ.

ಎಸ್.ಪಿ. ರೋಡಿಗೆ ಹೋಗುವಾಗ

ಟೌನ್ ಹಾಲಿನ ಹತ್ತಿರದ ಎಸ್.ಪಿ. ರೋಡಿಗೆ ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಕೆ.ಆರ್. ಮಾರ್ಕೆಟ್ ಮೆಟ್ರೋದಲ್ಲಿ ಇಳಿದು ನಡೆದರೆ ಪಾರ್ಕಿಂಗ್ ಚಿಂತೆ ಇಲ್ಲ. ಡೆಸ್ಕ್‌ಟಾಪ್ ಕಟ್ಟಿಸಲು, ಮಾನಿಟರ್, ರ‍್ಯಾಮ್, ಯುಪಿಎಸ್ ಕೊಳ್ಳಲು ಆ ಬೀದಿ ಚೆನ್ನ. ಮೂರ‍್ನಾಲ್ಕು ಅಂಗಡಿಯಲ್ಲಿ ಬೆಲೆ ಕೇಳಿ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಪೆನ್ ಟ್ಯಾಬ್ಲೆಟ್‌ಗಳಲ್ಲಿ ಅಲ್ಲಿ ಆಯ್ಕೆ ಕಡಿಮೆ, ಅವನ್ನು ಆನ್‌ಲೈನಿನಲ್ಲಿ ತರಿಸುವುದೇ ಮೇಲು. ಎಲ್ಲೇ ಕೊಂಡರೂ ಜಿಎಸ್‌ಟಿ ಬಿಲ್ ತಗೊಳ್ಳಿ. 'ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ ಸಾರ್' ಎಂದರೆ ಒಪ್ಪಬೇಡಿ, ನಾಳೆ ವಾರಂಟಿ ಕೇಳಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ವಾರಂಟಿ ಭಾರತದಲ್ಲಿ ಸಲ್ಲುತ್ತದೆಯೇ ಎಂದೂ ಕೇಳಿ. ನಿಬ್ ಸವೆಯುವ ವಸ್ತು, ಬಿಡಿ ನಿಬ್ ಸುಲಭವಾಗಿ ಸಿಗುವ ಮಾದರಿಯನ್ನೇ ಆರಿಸಿ. ಕಾಗದದಂತೆ ಒರಟಾಗಿರುವ ಸ್ಕ್ರೀನ್ ಗಾರ್ಡ್ ಹಾಕಿದರೆ ಕೈಗೆ ಹಿತ, ನಿಬ್ ಮಾತ್ರ ಬೇಗ ಸವೆಯುತ್ತದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದರಲ್ಲಿ ತಪ್ಪೇನಿಲ್ಲ. ಡಿಸೈನ್ ಕಾಲೇಜು ಮುಗಿಸಿದವರು, ಊರು ಬದಲಿಸುವವರು ಮಾರುತ್ತಲೇ ಇರುತ್ತಾರೆ. ಮನೆಗೆ ಹೋಗಿ, ಪವರ್ ಹಾಕಿಸಿ, ನೀವೇ ಬಿಡಿಸಿ ನೋಡಿ. ಸ್ಕೇಲ್ ಇಟ್ಟು ತುಂಬಾ ನಿಧಾನವಾಗಿ ಮೂಲೆಯಿಂದ ಮೂಲೆಗೆ ಓರೆ ಗೆರೆ ಎಳೆಯಿರಿ. ಗೆರೆ ಅಲೆಅಲೆಯಾಗಿ ಬಂದರೆ ಬೇಡ ಎನ್ನಿ. ನಾಲ್ಕೂ ಅಂಚುಗಳಲ್ಲಿ ಪೆನ್ ಮುಟ್ಟಿದ ಜಾಗಕ್ಕೂ ಕರ್ಸರ್ ನಿಂತ ಜಾಗಕ್ಕೂ ಅಂತರ ಎಷ್ಟಿದೆ ನೋಡಿ. ಹಗುರದಿಂದ ಜೋರಿಗೆ ಒತ್ತುತ್ತಾ ಒಂದೇ ಉಸಿರಿಗೆ ಗೆರೆ ಎಳೆದರೆ ದಪ್ಪ ಎಲ್ಲೂ ನೆಗೆಯದೆ ಏರಬೇಕು. ಕೇಬಲ್ ಸಿಕ್ಕಿಸುವ ಜಾಗ ಅಲುಗಾಡುತ್ತದೆಯೇ ಕೈಯಲ್ಲಿ ಮುಟ್ಟಿ ನೋಡಿ, ಹಳೆಯ ಟ್ಯಾಬ್ಲೆಟ್‌ಗಳು ಮೊದಲು ಕೆಡುವುದು ಅಲ್ಲೇ. ಪೆನ್ ಕಳೆದುಹೋಗಿದೆ ಎಂದು ಅರ್ಧ ಬೆಲೆಗೆ ಕೊಡಲು ಬಂದರೂ ತಗೊಳ್ಳಬೇಡಿ. ಒಂದು ಮಾದರಿಯ ಪೆನ್ ಇನ್ನೊಂದಕ್ಕೆ ನಡೆಯುವುದು ಕಡಿಮೆ, ಹಳೆಯ ಮಾದರಿಯ ಪೆನ್ ಬಿಡಿಯಾಗಿ ಸಿಗುವುದು ಇನ್ನೂ ಕಡಿಮೆ.